‘ಸಂಜೆ ನೋಡೋಣ’ ಅನ್ನೋದೇ ಅಪಾಯ: ಕೋಲಾರದ ಯಾರ್ಡ್‌ಗಳಲ್ಲಿ ಜೆಸಿಬಿ, ಟಿಪ್ಪರ್, ಫೋರ್ಕ್‌ಲಿಫ್ಟ್ ಸುರಕ್ಷಿತವಾಗಿರಬೇಕಂದ್ರೆ ಏನು ಮಾಡಬೇಕು?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ಸಂಚಿಕೆ ರಸ್ತೆ ಮೇಲೆ ಓಡೋ ಗಾಡಿಗಳ ಬಗ್ಗೆ ಅಲ್ಲ. ಕಾಂಪೌಂಡ್ ಒಳಗೆ ಓಡೋ ಗಾಡಿಗಳ ಬಗ್ಗೆ.

ಕೋಲಾರ ಜಿಲ್ಲೆಯಲ್ಲಿ ‘ಯಾರ್ಡ್’ ಅನ್ನೋ ಪದಕ್ಕೆ ಒಂದೊಂದು ತಾಲ್ಲೂಕಿನಲ್ಲಿ ಒಂದೊಂದು ಅರ್ಥ. ಕೋಲಾರದಲ್ಲಿ ಯಾರ್ಡ್ ಅಂದ್ರೆ ಮೊದಲು ನೆನಪಾಗೋದು ಎಪಿಎಂಸಿ, ಅಂದ್ರೆ ಟೊಮೆಟೊ. ನರಸಾಪುರ, ವೇಮಗಲ್ ಕಡೆ ಹೋದರೆ ಕಾರ್ಖಾನೆಗಳ ಗೋದಾಮು, ಅಲ್ಲಿ ಫೋರ್ಕ್‌ಲಿಫ್ಟ್. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಅಂಗಳ. ಅದೇ ತಾಲ್ಲೂಕಿನ ಟೇಕಲ್ ಕಡೆ ಗ್ರಾನೈಟ್ ಕಲ್ಲಿನ ಯಾರ್ಡ್. ಮುಳಬಾಗಿಲಿನಲ್ಲಿ ವಡ್ಡಹಳ್ಳಿ ಟೊಮೆಟೊ ಮಾರುಕಟ್ಟೆ, ಜೊತೆಗೆ ರಾಷ್ಟ್ರೀಯ ಹೆದ್ದಾರಿ 75ರ ಪಕ್ಕದ ಲಾರಿ ನಿಲುಗಡೆ, ಟೈರ್ ಅಂಗಡಿಗಳು. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಗಳು.

ಜಾಗ ಬೇರೆ ಬೇರೆಯಾದರೂ ಗಾಡಿಗಳು ಹೆಚ್ಚು ಕಡಿಮೆ ಅವೇ: ಜೆಸಿಬಿ, ಟಿಪ್ಪರ್, ಟ್ರ್ಯಾಕ್ಟರ್, ಲಾರಿ, ಹೈಡ್ರಾ ಕ್ರೇನ್, ಫೋರ್ಕ್‌ಲಿಫ್ಟ್. ಎಲ್ಲ ಕಡೆ ಕೇಳಿಬರೋ ಮಾತೂ ಒಂದೇ.

‘ಅಣ್ಣಾ, ಬ್ರೇಕ್ ಯಾಕೋ ಲೇಟಾಗಿ ಹಿಡೀತಿದೆ.’

‘ಇದೊಂದು ಲೋಡ್ ಮುಗಿಸ್ಕೊಂಡು ಬಾರೋ, ಸಂಜೆ ನೋಡೋಣ.’

ಈ ‘ಸಂಜೆ ನೋಡೋಣ’ ಯಾಕೆ ಅಪಾಯ, ಬೆಳಗ್ಗೆಯೇ ನೋಡೋದು ಅಂದ್ರೆ ಏನೇನು ನೋಡಬೇಕು ಅನ್ನೋದೇ ಇವತ್ತಿನ ವಿಷಯ. ನೀವು ಆಪರೇಟರ್ ಆಗಿರಬಹುದು, ಕ್ಲೀನರ್ ಆಗಿರಬಹುದು, ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿರಬಹುದು. ಮನೆಯಲ್ಲಿ ಅಪ್ಪನೋ ಅಣ್ಣನೋ ಗಾಡಿ ಓಡಿಸ್ತಿದ್ದರೆ ಅವರಿಗೂ ಇದನ್ನ ಕಳಿಸಿ.

ನಿಧಾನವಾಗಿ ಹೋಗೋ ಗಾಡಿಯಿಂದ ಏನಾಗುತ್ತೆ?

ಯಾರ್ಡ್ ಒಳಗೆ ಯಾರೂ 60ರ ವೇಗದಲ್ಲಿ ಹೋಗಲ್ಲ. ಅದಕ್ಕೇ ನಮಗೆ ಧೈರ್ಯ ಜಾಸ್ತಿ. ಆದರೆ ಒಂದು ಸಣ್ಣ ಲೆಕ್ಕ ಹಾಕಿ. ಗಂಟೆಗೆ 5 ಕಿ.ಮೀ. ಅಂದ್ರೆ ನಾವು ನಡೆಯೋ ವೇಗ. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಹೋಗುತ್ತೆ. ಬ್ರೇಕ್ ಅರ್ಧ ಸೆಕೆಂಡ್ ತಡವಾಗಿ ಹಿಡಿದರೆ ಗಾಡಿ 70 ಸೆಂ.ಮೀ. ಜಾಸ್ತಿ ಚಲಿಸುತ್ತೆ. ಹಿಂದೆ ಬರ್ತಿರೋ ಲಾರಿಗೂ ಗೋದಾಮಿನ ಗೋಡೆಗೂ ನಡುವೆ ನಿಂತಿರೋ ಮನುಷ್ಯನಿಗೆ ಸಿಗೋ ಜಾಗ ಹೆಚ್ಚು ಕಡಿಮೆ ಅಷ್ಟೇ.

ಇನ್ನು ತೂಕ. ಹತ್ತು ಚಕ್ರದ ಟಿಪ್ಪರ್ ಲೋಡ್ ಸಮೇತ ಸುಮಾರು 28 ಟನ್. ನಡಿಗೆಯ ವೇಗದಲ್ಲಿದ್ದರೂ ಅದನ್ನು ಮನುಷ್ಯನ ಕೈ ತಡೆಯಲ್ಲ.

ರಸ್ತೆಗೂ ಯಾರ್ಡ್‌ಗೂ ಇನ್ನೂ ಒಂದು ವ್ಯತ್ಯಾಸ ಇದೆ. ರಸ್ತೆಯಲ್ಲಿ ಗಾಡಿ ಮುಂದಕ್ಕೆ ಹೋಗುತ್ತೆ, ಜನ ಪಕ್ಕದಲ್ಲಿರ್ತಾರೆ. ಯಾರ್ಡ್‌ನಲ್ಲಿ ಗಾಡಿ ಅರ್ಧ ಹೊತ್ತು ಹಿಂದಕ್ಕೆ ಬರ್ತಿರುತ್ತೆ, ಜನ ಅದರ ಸುತ್ತಲೇ ಇರ್ತಾರೆ. ಬೆಳಗಿನ ಜಾವ ಎಪಿಎಂಸಿಯಲ್ಲಿ ಹಮಾಲರು, ರೈತರು, ದಲ್ಲಾಳಿಗಳು, ಚಹಾ ಹುಡುಗರು ಎಲ್ಲರೂ ಗಾಡಿಗಳ ನಡುವೆಯೇ ಓಡಾಡ್ತಾರೆ. ನೆಲದಲ್ಲಿ ಒಡೆದ ಟೊಮೆಟೊ ಬಿದ್ದಿರುತ್ತೆ, ಕಾಲೂ ಜಾರುತ್ತೆ, ಟೈರೂ ಜಾರುತ್ತೆ.

ಎಫ್‌ಸಿ ಇದೆಯಲ್ಲ, ಸಾಲದಾ?

ಸಾಲದು. ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ.

ಸರಕು ಸಾಗಿಸೋ ಲಾರಿ, ಟಿಪ್ಪರ್‌ಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು. ಗಾಡಿಗೆ 8 ವರ್ಷ ಆಗೋವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆದರೆ ಎಫ್‌ಸಿ ಹೇಳೋದು ಪರೀಕ್ಷೆ ಮಾಡಿದ ದಿನ ಗಾಡಿ ಹೇಗಿತ್ತು ಅಂತ ಮಾತ್ರ. ಮಾರನೇ ದಿನ ಹೋಸ್ ಬಿರುಕು ಬಿಟ್ಟರೆ ಅದು ಆ ಕಾಗದಕ್ಕೆ ಗೊತ್ತಾಗಲ್ಲ.

ಜೆಸಿಬಿಯ ಕಥೆ ಬೇರೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದನ್ನು ‘ನಿರ್ಮಾಣ ಉಪಕರಣ ವಾಹನ’ ಅಂತ ಕರೀತಾರೆ. ಇದರ ಮುಖ್ಯ ಕೆಲಸ ರಸ್ತೆಯ ಹೊರಗೆ, ರಸ್ತೆ ಮೇಲೆ ಬರೋದು ಆಗೊಮ್ಮೆ ಈಗೊಮ್ಮೆ ಅಂತ ನಿಯಮವೇ ಪರಿಗಣಿಸುತ್ತೆ. ಹಾಗಾಗಿ ಇದು ಸಾರಿಗೆ ವಾಹನದ ವರ್ಗಕ್ಕೆ ಬರಲ್ಲ.

ಕಾರ್ಖಾನೆಯ ಕಾಂಪೌಂಡ್ ಬಿಟ್ಟು ಹೊರಗೆ ಬರದ ಫೋರ್ಕ್‌ಲಿಫ್ಟ್ ಇನ್ನೂ ಒಂದು ಹೆಜ್ಜೆ ದೂರ. ಕಾರ್ಖಾನೆ ಅಥವಾ ಆವರಣದ ಒಳಗೆ ಮಾತ್ರ ಬಳಸೋಕೆ ಅಂತಲೇ ರೂಪಿಸಿದ ವಿಶೇಷ ವಾಹನವನ್ನು 1988ರ ಮೋಟಾರು ವಾಹನ ಕಾಯ್ದೆ ‘ಮೋಟಾರು ವಾಹನ’ ಅಂತಲೇ ಲೆಕ್ಕಕ್ಕೆ ತಗೊಳ್ಳಲ್ಲ. ಆರ್‌ಟಿಒ ಬಂದು ನೋಡ್ತಾರೆ ಅಂತ ಕಾಯೋದರಲ್ಲಿ ಅರ್ಥ ಇಲ್ಲ.

ಹಾಗಾದ್ರೆ ಯಾರು ನೋಡಬೇಕು? ಕ್ರೇನ್, ಚೈನ್, ರೋಪ್‌ನಂಥ ಎತ್ತುವ ಸಾಧನಗಳನ್ನು 12 ತಿಂಗಳಿಗೆ ಒಮ್ಮೆಯಾದರೂ ಅರ್ಹ ಪರಿಣತರಿಂದ ಪರೀಕ್ಷೆ ಮಾಡಿಸಬೇಕು, ಎಷ್ಟು ತೂಕ ಎತ್ತಬಹುದು ಅನ್ನೋದನ್ನು ಅದರ ಮೇಲೆ ಕಾಣೋ ಹಾಗೆ ಬರೆಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಅಮೆರಿಕದ ನಿಯಮ ಇನ್ನೂ ಬಿಗಿ: ಫೋರ್ಕ್‌ಲಿಫ್ಟನ್ನು ಪ್ರತಿದಿನ ಕೆಲಸಕ್ಕೆ ಹಚ್ಚೋ ಮೊದಲು ಪರಿಶೀಲಿಸಬೇಕು, ಹಗಲು ರಾತ್ರಿ ಓಡಿಸೋದಾದ್ರೆ ಪ್ರತಿ ಶಿಫ್ಟ್ ಮುಗಿದ ಮೇಲೂ ಪರಿಶೀಲಿಸಬೇಕು.

ಮೂರು ನಾಲ್ಕು ಜನ ಕೆಲಸ ಮಾಡೋ ಇಟ್ಟಿಗೆ ಅಂಗಳಕ್ಕೋ ಮಾವಿನ ಮಂಡಿಗೋ ದಿನಾ ಯಾರೂ ಬಂದು ನೋಡಲ್ಲ. ಅಲ್ಲಿ ಗಾಡಿಯ ಇನ್ಸ್‌ಪೆಕ್ಟರ್ ಅಂದ್ರೆ ಕೀ ತಿರುಗಿಸೋ ಆಪರೇಟರೇ.

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

‘ಗಾಡಿ ಎಲ್ಲೂ ಹೋಗೇ ಇಲ್ಲ, ಸರ್ವೀಸ್ ಯಾಕೆ?’ ಯಾರ್ಡ್ ಗಾಡಿಗಳ ವಿಷಯದಲ್ಲಿ ಸಾಮಾನ್ಯವಾಗಿ ಆಗೋ ತಪ್ಪು ತಿಳಿವಳಿಕೆ ಇದು. ಬೈಕಿಗೆ, ಕಾರಿಗೆ ಕಿಲೋಮೀಟರ್ ಲೆಕ್ಕ ಸರಿ. ಆದರೆ ಜೆಸಿಬಿ ನಿಂತಲ್ಲೇ ನಿಂತು ದಿನವಿಡೀ ಬಕೆಟ್ ಎತ್ತಿಳಿಸುತ್ತೆ. ಚಕ್ರ ತಿರುಗದಿದ್ದರೂ ಎಂಜಿನ್, ಪಂಪ್, ಆಯಿಲ್ ಎಲ್ಲ ಸವೀತಾನೇ ಇರುತ್ತೆ. ಅದಕ್ಕೇ ಈ ಯಂತ್ರಗಳಲ್ಲಿ ಅವರ್ ಮೀಟರ್ ಇಟ್ಟಿರ್ತಾರೆ.

ಎಂಜಿನ್ ಆಯಿಲ್ ಬದಲಾಯಿಸೋಕೆ ಕಂಪನಿಗಳು ಸಾಮಾನ್ಯವಾಗಿ 250 ಅಥವಾ 500 ಗಂಟೆ ಅಂತ ಹೇಳ್ತಾರೆ. ನಿಮ್ಮ ಮಾಡೆಲ್‌ಗೆ ಎಷ್ಟು ಅನ್ನೋದು ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತೆ. 250 ಗಂಟೆ ಅಂತಲೇ ಇಟ್ಕೊಳ್ಳಿ. ದಿನಕ್ಕೆ 8 ಗಂಟೆ ಕೆಲಸ ಆದರೆ ಸುಮಾರು ಒಂದು ತಿಂಗಳು. ಸೀಸನ್ ಬಂತು, ಎರಡು ಶಿಫ್ಟ್, ದಿನಕ್ಕೆ 16 ಗಂಟೆ ಅಂದ್ರೆ 16ನೇ ದಿನಕ್ಕೇ ಸರ್ವೀಸ್ ಬಂದು ನಿಂತಿರುತ್ತೆ. ಆದರೆ ನಾವು ಕ್ಯಾಲೆಂಡರ್ ನೋಡ್ತಾ ‘ಇನ್ನೂ ತಿಂಗಳಾಗಿಲ್ಲ’ ಅಂತೀವಿ.

ನಮ್ಮ ಕಡೆ ಕಷ್ಟ ಇರೋದೇ ಇಲ್ಲಿ. ಗಾಡಿಗೆ ಗಮನ ಜಾಸ್ತಿ ಬೇಕಾದ ಹೊತ್ತಲ್ಲೇ ನಮಗೆ ಪುರುಸೊತ್ತು ಕಡಿಮೆ. ಮೇ ಕೊನೆಯಿಂದ ಜುಲೈವರೆಗೆ ಶ್ರೀನಿವಾಸಪುರದಲ್ಲಿ ಮಾವು. ಅದರ ಬೆನ್ನಿಗೇ ಕೋಲಾರ, ವಡ್ಡಹಳ್ಳಿಯಲ್ಲಿ ಟೊಮೆಟೊ ಆವಕ ಜೋರು. 2023ರ ಜುಲೈ ನೆನಪಿದೆಯಾ? 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ದಿನ ಒಂದು ಗಾಡಿ ಎರಡು ಗಂಟೆ ನಿಲ್ಲಿಸೋಣ ಅಂದ್ರೆ ಯಾರು ಒಪ್ತಾರೆ? ಒಪ್ಪಲ್ಲ. ಅದಕ್ಕೇ ಸೀಸನ್‌ಗೆ ಮುಂಚೆಯೇ ದೊಡ್ಡ ಸರ್ವೀಸ್ ಮುಗಿಸಿಕೊಳ್ಳಬೇಕು. ಸೀಸನ್ ಒಳಗೆ ಬೆಳಗಿನ ಹತ್ತು ನಿಮಿಷ ಮಾತ್ರ ಬಿಡಬಾರದು.

ಬೆಳಗಿನ ಹತ್ತು ನಿಮಿಷದಲ್ಲಿ ಏನು ನೋಡಬೇಕು?

ಕೀ ಹಾಕೋ ಮೊದಲು ಗಾಡಿಗೆ ಒಂದು ಪ್ರದಕ್ಷಿಣೆ. ದೇವಸ್ಥಾನದಲ್ಲಿ ಹಾಕಿದ ಹಾಗೆ ಕೈ ಮುಗಿದುಕೊಂಡಲ್ಲ, ಕಣ್ಣು ಬಿಟ್ಟುಕೊಂಡು.

ಮೊದಲು ನೆಲ ನೋಡಿ. ರಾತ್ರಿ ಗಾಡಿ ನಿಂತಿದ್ದ ಜಾಗದಲ್ಲಿ ತೊಟ್ಟಿಕ್ಕಿದ ಗುರುತು ಇದ್ದರೆ ಯಾವುದೋ ಆಯಿಲ್ ಕಡಿಮೆ ಆಗ್ತಿದೆ ಅಂತಲೇ ಅರ್ಥ. ಆಮೇಲೆ ಟೈರ್: ಗಾಳಿ, ಪಕ್ಕದಲ್ಲಿ ಸೀಳು, ಜೋಡಿ ಟೈರ್‌ಗಳ ನಡುವೆ ಸಿಕ್ಕಿಕೊಂಡ ಕಲ್ಲು. ವೀಲ್ ನಟ್ ಸುತ್ತ ಕೆಂಪು ತುಕ್ಕಿನ ಗೆರೆ ಹೊರಟಿದ್ದರೆ ಆ ನಟ್ ಸಡಿಲ ಆಗಿರಬಹುದು. ನಂತರ ಎಂಜಿನ್ ಆಯಿಲ್, ಕೂಲಂಟ್, ಬ್ರೇಕ್ ಆಯಿಲ್, ಹೈಡ್ರಾಲಿಕ್ ಆಯಿಲ್ ಮಟ್ಟ. ಎಲ್ಲವನ್ನೂ ಗಾಡಿ ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ ನೋಡಿ.

ಕನ್ನಡಿ ಒರೆಸಿ. ಹಾರ್ನ್ ಒತ್ತಿ. ರಿವರ್ಸ್ ಹಾರ್ನ್ ಕೂಗುತ್ತಾ ನೋಡಿ. ‘ತಲೆ ಚಿಟ್ಟು ಹಿಡಿಯುತ್ತೆ’ ಅಂತ ಅದರ ವೈರ್ ಕಿತ್ತು ಬಿಡೋರಿದ್ದಾರೆ. ಆ ಸದ್ದು ಆಪರೇಟರ್‌ಗೆ ಕಿರಿಕಿರಿ ಅನ್ನಿಸಬಹುದು. ಗಾಡಿಗೆ ಬೆನ್ನು ಹಾಕಿ ಬಾಕ್ಸ್ ಜೋಡಿಸ್ತಿರೋ ಹೆಣ್ಣುಮಗಳಿಗೆ ಇರೋ ಒಂದೇ ಎಚ್ಚರಿಕೆ ಅದು.

ಜೆಸಿಬಿ ಆದರೆ ಪಿನ್‌ಗಳಿಗೆ ಗ್ರೀಸ್. ಹೆಚ್ಚಿನ ಪಿನ್‌ಗಳಿಗೆ ಪುಸ್ತಕ ಹೇಳೋದು ಹತ್ತು ಗಂಟೆಗೊಮ್ಮೆ, ಅಂದ್ರೆ ದಿನಾ. ಇಟ್ಟಿಗೆ ಮಣ್ಣು, ಕಲ್ಲಿನ ಪುಡಿ ಇರೋ ಕಡೆ ಗ್ರೀಸ್ ಇಲ್ಲದ ಪಿನ್ ಉಜ್ಜಿ ಉಜ್ಜಿ ಸವೆದು ಹೋಗುತ್ತೆ. ಆಮೇಲೆ ಬಕೆಟ್ ಅಲುಗಾಡುತ್ತೆ, ನೀವು ನಿಲ್ಲಿಸಿದ ಜಾಗದಲ್ಲಿ ನಿಲ್ಲಲ್ಲ.

ಬ್ರೇಕ್: ಯಾರ್ಡ್ ಬಿಡೋ ಮೊದಲು ಒಂದು ಸಲ ಒತ್ತಿ

ಲಾರಿ, ಟಿಪ್ಪರ್‌ಗಳದ್ದು ಏರ್ ಬ್ರೇಕ್. ಟ್ಯಾಂಕ್‌ನಲ್ಲಿ ಗಾಳಿ ತುಂಬಿ ಗೇಜ್ ಸರಿಯಾದ ಮಟ್ಟಕ್ಕೆ ಬರೋವರೆಗೆ ಗಾಡಿ ಎತ್ತಬೇಡಿ. ಗಾಳಿ ತುಂಬಿದ ಮೇಲೆ, ಚಕ್ರಕ್ಕೆ ಕಲ್ಲು ಕೊಟ್ಟು ಎಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು ಗೇಜ್ ನೋಡಿ. ಮುಳ್ಳು ಕಣ್ಣೆದುರೇ ಇಳೀತಾ ಹೋದರೆ ಎಲ್ಲೋ ಸೋರಿಕೆ ಇದೆ. ಕಿವಿಗೊಟ್ಟರೆ ‘ಸುಸ್’ ಅನ್ನೋ ಸದ್ದೂ ಕೇಳುತ್ತೆ. ಏರ್ ಟ್ಯಾಂಕ್ ಕೆಳಗಿನ ವಾಲ್ವ್ ತೆಗೆದು ನೀರು ಬಿಡೋದೂ ದಿನದ ಕೆಲಸ. ಗಾಳಿಯ ಜೊತೆ ತೇವ ಸೇರಿ ನೀರಾಗಿ ನಿಲ್ಲುತ್ತೆ, ಆ ನೀರು ವಾಲ್ವ್‌ಗಳನ್ನು ಹಾಳು ಮಾಡುತ್ತೆ.

ಈಗಿನ ಲಾರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಹಿಡಿಯೋದು ಗಾಳಿಯಿಂದಲ್ಲ, ಸ್ಪ್ರಿಂಗ್‌ನಿಂದ. ಗಾಳಿ ಆ ಸ್ಪ್ರಿಂಗನ್ನು ಅದುಮಿ ಹಿಡಿದು ಚಕ್ರ ಬಿಡಿಸುತ್ತೆ. ಅದಕ್ಕೇ ಗಾಳಿ ಇಳಿದುಹೋದರೆ ಗಾಡಿ ಜಾಮ್ ಆಗೋದು. ಅದು ಕೆಟ್ಟಿರೋ ಗುರುತಲ್ಲ, ನಿಮ್ಮನ್ನು ಕಾಪಾಡೋ ವ್ಯವಸ್ಥೆ. ಜಾಮ್ ಆದ ಗಾಡಿಯನ್ನು ಸರಿಸಬೇಕು ಅಂತ ಸ್ಪ್ರಿಂಗ್ ಬಿಡಿಸಿಬಿಟ್ಟರೆ ಆ ಗಾಡಿಗೆ ಹಿಡಿತವೇ ಇರಲ್ಲ. ಹಾಗೆ ಮಾಡೋ ಮುಂಚೆ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಟ್ಟಿರಲೇಬೇಕು. ಸ್ಪ್ರಿಂಗ್ ಡಬ್ಬಿಯನ್ನು ಬಿಚ್ಚೋದಂತೂ ರಸ್ತೆ ಬದಿ ಕೆಲಸ ಅಲ್ಲವೇ ಅಲ್ಲ. ಒಳಗಿನ ಸ್ಪ್ರಿಂಗ್ ಚಿಮ್ಮಿದರೆ ಜೀವ ತೆಗೆಯುತ್ತೆ.

ಟ್ರ್ಯಾಕ್ಟರ್‌ನಲ್ಲಿ ಎರಡು ಬ್ರೇಕ್ ಪೆಡಲ್ ಇರುತ್ತೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಹೊಲದಲ್ಲಿ ಗಕ್ಕನೆ ತಿರುಗಿಸೋಕೆ ಅದು ಬೇಕು. ಜೆಸಿಬಿಯಲ್ಲೂ ಹಾಗೇ. ಆದರೆ ರಸ್ತೆಗೆ ಬಂದಾಗ, ಲೋಡ್ ಎಳೆಯುವಾಗ ಆ ಎರಡನ್ನೂ ಸೇರಿಸೋ ಲಾಕ್ ಹಾಕಿರಲೇಬೇಕು. ಇಲ್ಲದಿದ್ದರೆ ಒಂದೇ ಕಡೆ ಬ್ರೇಕ್ ಹಿಡಿದು ಗಾಡಿ ಪಕ್ಕಕ್ಕೆ ಎಳೆದು ಮಗುಚುತ್ತೆ. ಎರಡು ರೂಪಾಯಿ ಕೆಲಸವೂ ಇಲ್ಲದ ಆ ಸಣ್ಣ ಲಾಕ್ ಮುರಿದಿದೆಯಾ ಅಂತ ಇವತ್ತೇ ನೋಡಿ.

ಹೈಡ್ರಾಲಿಕ್: ಸೋರಿಕೆ ಹುಡುಕೋಕೆ ಕೈ ಇಡಬೇಡಿ

ಕಾರಿನ ಟೈರ್‌ನಲ್ಲಿ ಇರೋ ಒತ್ತಡ ಎರಡು ಬಾರ್‌ನ ಆಸುಪಾಸು. ಜೆಸಿಬಿಯ ಹೈಡ್ರಾಲಿಕ್ ಹೋಸ್ ಒಳಗೆ ಕೆಲಸದ ಹೊತ್ತಲ್ಲಿ 200 ಬಾರ್‌ಗಿಂತ ಹೆಚ್ಚು. ಅಂದ್ರೆ ನೂರು ಪಟ್ಟು. ಹೋಸ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ ಆಯಿಲ್ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯಾಗಿ ಚಿಮ್ಮುತ್ತೆ. ಆ ಎಳೆ ಚರ್ಮ ತೂರಿ ಒಳಗೆ ಹೋಗುತ್ತೆ, ಗ್ಲೌಸ್ ಹಾಕಿದ್ದರೂ ತೂರುತ್ತೆ.

ಮೋಸ ಏನಂದ್ರೆ, ಮೊದಲಿಗೆ ಇರುವೆ ಕಚ್ಚಿದ ಹಾಗೆ ಒಂದು ಚುಕ್ಕಿ ಮಾತ್ರ ಕಾಣುತ್ತೆ. ನೋವೂ ಅಷ್ಟಿರಲ್ಲ. ಕೆಲವು ಗಂಟೆಯಲ್ಲಿ ಕೈ ಊದಿಕೊಂಡು, ಒಳಗಿನ ಮಾಂಸ ಸಾಯೋಕೆ ಶುರುವಾಗುತ್ತೆ. ತಡ ಮಾಡಿದರೆ ಬೆರಳೋ ಕೈಯೋ ಕಳೆದುಕೊಳ್ಳಬೇಕಾಗಬಹುದು. ಹೀಗಾದರೆ ಸೀದಾ ಆಪರೇಷನ್ ಸೌಲಭ್ಯ ಇರೋ ದೊಡ್ಡ ಆಸ್ಪತ್ರೆಗೆ ಹೋಗಿ. ‘ಪ್ರೆಷರ್‌ನಲ್ಲಿ ಹೈಡ್ರಾಲಿಕ್ ಆಯಿಲ್ ಒಳಗೆ ಹೋಗಿದೆ’ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಬರೀ ‘ಚುಚ್ಚಿಕೊಂಡಿದೆ’ ಅಂದ್ರೆ ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸೋ ಸಾಧ್ಯತೆ ಇದೆ.

ಸೋರಿಕೆ ಹುಡುಕಬೇಕಾದರೆ ಒಂದು ರಟ್ಟಿನ ತುಂಡು ಹಿಡಿದು ಹೋಸ್ ಉದ್ದಕ್ಕೂ ಆಡಿಸಿ. ರಟ್ಟು ಒದ್ದೆಯಾದ ಕಡೆ ತೂತಿದೆ. ಹೊಸ ಹೋಸ್ ಪ್ರೆಸ್ ಮಾಡಿಸುವಾಗ ಉದ್ದ ಅಳೆದರೆ ಸಾಲದು. ಹಳೇ ಹೋಸ್ ಮೇಲೆ ಅಚ್ಚಾಗಿರೋ ಒತ್ತಡದ ಅಂಕಿ ಹೊಸದರ ಮೇಲೂ ಇದೆಯಾ ಅಂತ ನೋಡಿ.

ಎತ್ತಿರೋದರ ಕೆಳಗೆ ತಲೆ ಹಾಕಬೇಡಿ

ಟಿಪ್ಪರ್‌ನ ತೊಟ್ಟಿ ಎತ್ತಿ, ಕೆಳಗೆ ನುಗ್ಗಿ ಗ್ರೀಸ್ ಹಚ್ಚೋದು, ಹೋಸ್ ಬಿಚ್ಚೋದು ಎಲ್ಲ ಕಡೆ ನಡೆಯುತ್ತೆ. ಹೋಸ್ ಬಿಚ್ಚಿದ ಕ್ಷಣ ಆಯಿಲ್ ಹೊರಗೆ ಬರುತ್ತೆ, ತೊಟ್ಟಿ ಕೆಳಗೆ ಬರುತ್ತೆ. ಹೊರಗೆ ಬರೋಕೆ ಸಮಯವೇ ಇರಲ್ಲ.

ಎಷ್ಟೋ ಟಿಪ್ಪರ್‌ಗಳಲ್ಲಿ ತೊಟ್ಟಿಗೆ ಆಸರೆ ಕೊಡೋ ಕಬ್ಬಿಣದ ಸ್ಟೇ ಕಂಪನಿಯಿಂದಲೇ ಬಂದಿರುತ್ತೆ. ಖಾಲಿ ತೊಟ್ಟಿ ಎತ್ತಿ, ಸ್ಟೇ ಕೊಟ್ಟು, ಆಮೇಲೆಯೇ ಒಳಗೆ ಹೋಗಿ. ಜೆಸಿಬಿ ಆದರೆ ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್ ಮಾಡಿ, ಲಿವರ್‌ಗಳನ್ನು ಒಂದೆರಡು ಸಲ ಆಡಿಸಿ ಒಳಗಿನ ಒತ್ತಡ ಬಿಡಿ. ಜಾಕಿಯ ವಿಷಯದಲ್ಲಿ ಒಂದೇ ಸೂತ್ರ: ಜಾಕಿ ಇರೋದು ಎತ್ತೋದಕ್ಕೆ, ಸ್ಟ್ಯಾಂಡ್ ಇರೋದು ಹೊರೋದಕ್ಕೆ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ಮಲಗಬೇಡಿ. ಇಟ್ಟಿಗೆ ಅಂಗಳದಲ್ಲಿ ಕೈಗೆ ಸಿಗೋ ಇಟ್ಟಿಗೆಯನ್ನೇ ಸ್ಟ್ಯಾಂಡ್ ಮಾಡಬೇಡಿ, ಅದು ಹೇಳದೆ ಕೇಳದೆ ಒಡೆಯುತ್ತೆ.

ಇನ್ನೊಂದು ಮುಖ್ಯ ವಿಷಯ ಕೀ. ರಿಪೇರಿ ಮಾಡುವಾಗ ಕೀ ಜೇಬಿನಲ್ಲಿರಲಿ. ಆದರೆ ಅದೊಂದೇ ಸಾಲದು. ಒಂದೇ ಕಂಪನಿಯ ಹಲವು ಯಂತ್ರಗಳಿಗೆ ಒಂದೇ ಥರದ ಕೀ ಹೊಂದೋದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ನೀವು ಕೆಳಗೆ ಮಲಗಿರೋದು ಗೊತ್ತಿಲ್ಲದೆ ಮತ್ತೊಬ್ಬ ತನ್ನ ಕೀ ಹಾಕಿ ಸ್ಟಾರ್ಟ್ ಮಾಡಿಬಿಡಬಹುದು. ಅದಕ್ಕೆ ಬ್ಯಾಟರಿ ಸ್ವಿಚ್ ತೆಗೆಯಿರಿ, ಇಲ್ಲವಾದರೆ ಬ್ಯಾಟರಿ ತಂತಿ ಬಿಚ್ಚಿ. ಸ್ಟೇರಿಂಗ್‌ಗೆ ‘ಕೆಲಸ ನಡೀತಿದೆ, ಸ್ಟಾರ್ಟ್ ಮಾಡಬೇಡಿ’ ಅಂತ ಬೋರ್ಡ್ ಕಟ್ಟಿ. ನಮ್ಮ ಯಾರ್ಡ್‌ಗಳಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲ ಮಾತಾಡೋರೂ ಇದ್ದಾರೆ. ಬೋರ್ಡ್ ಮೇಲೆ ಒಂದು ಕೆಂಪು ಕೈ ಬರೆದರೆ ಎಲ್ಲರಿಗೂ ಅರ್ಥ ಆಗುತ್ತೆ.

ಟೈರ್: ಒಂದು ಚದರ ಅಡಿಗೆ ಆರು ಟನ್

ಮುಳಬಾಗಿಲು ದಾಟಿ ನಂಗಲಿ ಕಡೆ ಹೋಗೋ ದಾರಿಯಲ್ಲಿ ಲಾರಿ ಟೈರ್ ಅಂಗಡಿ ನೋಡಿರ್ತೀರಿ. ಲಾರಿ ಟೈರ್‌ನಲ್ಲಿ 100 ಪಿಎಸ್‌ಐ ಗಾಳಿ ಅಂದ್ರೆ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 7 ಕೆ.ಜಿ. ಒಂದು ಚದರ ಅಡಿ ಜಾಗಕ್ಕೆ ಲೆಕ್ಕ ಹಾಕಿದರೆ ಆರು ಟನ್ ಮೀರುತ್ತೆ. ಟ್ಯೂಬ್ ಟೈರ್‌ಗಳ ಡಿಸ್ಕ್‌ಗೆ ಬಿಡಿ ರಿಂಗ್ ಇರುತ್ತಲ್ಲ, ಅದನ್ನು ಒಳಗಿನಿಂದ ತಳ್ತಿರೋ ಶಕ್ತಿ ಇದು. ರಿಂಗ್ ತುಕ್ಕು ಹಿಡಿದಿದ್ದರೆ, ಬಾಗಿದ್ದರೆ, ಸರಿಯಾಗಿ ಕೂರದಿದ್ದರೆ ಗಾಳಿ ತುಂಬುವಾಗ ಹಾರುತ್ತೆ. ಎದುರಿಗೆ ಯಾರಿದ್ದಾರೆ ಅಂತ ಅದು ನೋಡಲ್ಲ.

ಹಾಗಾಗಿ ಟೈರ್ ಬಿಚ್ಚೋ ಮೊದಲು ಗಾಳಿ ಪೂರ್ತಿ ತೆಗೆಯಿರಿ. ಜೋಡಿ ಟೈರ್ ಆದರೆ ಎರಡರದ್ದೂ ತೆಗೆಯಿರಿ. ಗಾಳಿ ತುಂಬುವಾಗ ಕಬ್ಬಿಣದ ಪಂಜರದ ಒಳಗಿಟ್ಟು, ಉದ್ದನೆ ಪೈಪ್ ಹಾಕಿ, ಪಕ್ಕಕ್ಕೆ ಸರಿದು ನಿಲ್ಲಿ. ಟೈರ್ ಕೂತಿರೋ ಡಿಸ್ಕ್ ಮೇಲೆ ವೆಲ್ಡಿಂಗ್ ಮಾಡಬೇಡಿ, ಗಾಳಿ ತೆಗೆದಿದ್ದರೂ ಮಾಡಬೇಡಿ. ಬಿಸಿಗೆ ರಬ್ಬರ್ ಒಳಗೇ ಹೊಗೆಯಾಡಿ ಅನಿಲ ತುಂಬಿಕೊಂಡು ಬಾಂಬಿನ ಹಾಗೆ ಸಿಡಿಯುತ್ತೆ. ಟೈರ್ ಬದಲಾಯಿಸಿದ ಮೇಲೆ ಸ್ವಲ್ಪ ಹೊತ್ತು ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಕಲ್ಲು ಎತ್ತೋ ಕ್ರೇನ್, ಗೋದಾಮಿನ ಫೋರ್ಕ್

ಟೇಕಲ್‌ನ ಯಾರ್ಡ್ ಇರಲಿ, ಶಿಲ್ಪಿಗಳ ಊರು ಶಿವಾರಪಟ್ಟಣಕ್ಕೆ ಬರೋ ಕಲ್ಲಿರಲಿ, ತೂಕವನ್ನ ಕಣ್ಣಳತೆಯಲ್ಲೇ ಹೇಳೋದು ವಾಡಿಕೆ. ಲೆಕ್ಕ ಸುಲಭ ಇದೆ. ಗ್ರಾನೈಟ್ ಒಂದು ಘನ ಮೀಟರ್‌ಗೆ ಸುಮಾರು 2.7 ಟನ್. 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 1 ಮೀಟರ್ ಎತ್ತರದ ದಿಮ್ಮಿ ಅಂದ್ರೆ 8 ಟನ್‌ಗೂ ಮೇಲೆ. ಫೋನ್‌ನಲ್ಲಿ ಕ್ಯಾಲ್ಕುಲೇಟರ್ ಇದೆ, ಗುಣಿಸಿ ನೋಡಿ. ಕ್ರೇನ್ ಮೇಲೆ ಬರೆದಿರೋ ಟನ್ ಬೂಮ್ ಪೂರ್ತಿ ಒಳಗಿದ್ದಾಗಿನ ಮಾತು. ಬೂಮ್ ಚಾಚಿದಷ್ಟೂ ಎತ್ತೋ ಶಕ್ತಿ ಇಳೀತಾ ಹೋಗುತ್ತೆ. ರೋಪ್‌ನಲ್ಲಿ ಎಳೆ ಮುರಿದು ಮುಳ್ಳೆದ್ದಿದ್ದರೆ, ನುಲಿ ಬಿಚ್ಚಿದ್ದರೆ, ಹುಕ್‌ನ ಬಾಯಿ ಅಗಲ ಆಗಿದ್ದರೆ, ಅದರ ಲಾಕ್ ಹೋಗಿದ್ದರೆ ಕಲ್ಲು ಎತ್ತಬೇಡಿ.

ಫೋರ್ಕ್‌ಲಿಫ್ಟ್‌ನಲ್ಲಿ ಫೋರ್ಕ್ ಬಾಗೋ ಮೂಲೆ ನೋಡಿ. ನೆಲಕ್ಕೆ ಉಜ್ಜಿ ಅಲ್ಲಿ ದಪ್ಪ ಶೇಕಡಾ 10ರಷ್ಟು ಸವೆದರೆ ಫೋರ್ಕ್ ಬದಲಾಯಿಸಬೇಕು ಅನ್ನೋದು ಅಂತರರಾಷ್ಟ್ರೀಯ ಮಾನದಂಡ. ಯಾಕಂದ್ರೆ 10ರಷ್ಟು ಸವೆದರೆ ಶಕ್ತಿ ಸುಮಾರು 20ರಷ್ಟು ಕಡಿಮೆ ಆಗುತ್ತೆ. ಚೈನ್ ಶೇಕಡಾ 3ರಷ್ಟು ಉದ್ದ ಆದರೆ ಅದರ ಆಯಸ್ಸು ಮುಗೀತು ಅಂತ. ಇವೆರಡನ್ನೂ ಅಳೆಯೋಕೆ ಒಂದು ಟೇಪು, ಒಂದು ವರ್ನಿಯರ್ ಸಾಕು.

ಧೂಳು, ಬೋರ್‌ವೆಲ್ ನೀರು, ಭತ್ತದ ಹುಲ್ಲು

ಇವು ನಮ್ಮ ಊರಿನದೇ ಸಮಸ್ಯೆಗಳು. ಇಟ್ಟಿಗೆ ಮಣ್ಣು, ಕಲ್ಲಿನ ಪುಡಿ ಏರ್ ಫಿಲ್ಟರ್‌ಗೂ ರೇಡಿಯೇಟರ್‌ಗೂ ಅಂಟಿಕೊಂಡು ಎಂಜಿನ್ ಬಿಸಿ ಏರುತ್ತೆ. ಪುಸ್ತಕ ಹೇಳಿದ್ದಕ್ಕಿಂತ ಬೇಗ ಬೇಗ ಕ್ಲೀನ್ ಮಾಡಬೇಕು.

ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ಆಳದ ಬೋರ್‌ವೆಲ್ ಹೊಸದೇನಲ್ಲ. ಆ ಗಡಸು ನೀರನ್ನು ರೇಡಿಯೇಟರ್‌ಗೆ ಹಾಕಿದರೆ ನಿಮ್ಮ ಮನೆಯ ಹಂಡೆಯಲ್ಲಿ ಕಟ್ಟೋ ಹಾಗೆ ಒಳಗೆ ಬಿಳಿ ಪದರ ಕಟ್ಟುತ್ತೆ. ಆಮೇಲೆ ಕೂಲಂಟ್ ಹಾಕಿದರೂ ತಂಪಾಗಲ್ಲ. ಮೊದಲಿಂದಲೇ ಕೂಲಂಟ್ ಹಾಕಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಮುಖ ಬೇಯುತ್ತೆ.

ಮಾವಿನ ಮಂಡಿಗಳಲ್ಲಿ ಹಣ್ಣಿನ ಕೆಳಗೆ ಹಾಸೋ ಭತ್ತದ ಹುಲ್ಲು ಸೈಲೆನ್ಸರ್ ಹತ್ತಿರ ಸಿಕ್ಕಿಕೊಳ್ಳುತ್ತೆ. ಅಲ್ಲೇ ಆಯಿಲ್ ಜಿಡ್ಡೂ ಇದ್ದರೆ ಬೆಂಕಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸೇರಿದ ಹಾಗೆ. ದಿನಾ ಸಂಜೆ ಆ ಹುಲ್ಲು ತೆಗೆಯಿರಿ. ಬೆಂಕಿ ಆರಿಸೋ ಸಿಲಿಂಡರ್ ಕ್ಯಾಬಿನ್‌ನಲ್ಲಿ ಇರಲಿ, ಅದರ ತಾರೀಖು ಮುಗಿದಿದೆಯಾ ನೋಡಿ.

‘ಗಾಡಿ ಎತ್ತಲ್ಲ’ ಅಂತ ಹೇಳೋದು ಹೇಗೆ?

ಇದುವರೆಗೆ ಹೇಳಿದ್ದೆಲ್ಲ ಬಹುಪಾಲು ಆಪರೇಟರ್‌ಗಳಿಗೆ ಗೊತ್ತಿರೋದೇ. ಕಷ್ಟ ಬರೋದು ಹೇಳೋದರಲ್ಲಿ. ದಿನಗೂಲಿ ಹುಡುಗ, ಓನರ್ ಎದುರು ‘ಬ್ರೇಕ್ ಸರಿ ಇಲ್ಲ, ಎತ್ತಲ್ಲ’ ಅಂದ್ರೆ ನಾಳೆ ಬೇರೆಯವನು ಸೀಟಲ್ಲಿ ಕೂತಿರ್ತಾನೆ ಅನ್ನೋ ಭಯ. ಆ ಭಯ ಸುಳ್ಳಲ್ಲ.

ಇಲ್ಲಿ ನಿಮ್ಮ ಫೋನ್ ಸಹಾಯಕ್ಕೆ ಬರುತ್ತೆ. ದಿನಾ ಬೆಳಗ್ಗೆ ಅವರ್ ಮೀಟರ್‌ನ ಒಂದು ಫೋಟೊ ತೆಗೆಯಿರಿ. ಸೋರಿಕೆ, ಸೀಳು, ಗೇಜ್ ಏನೇ ಕಂಡರೂ ಫೋಟೊನೋ ಹತ್ತು ಸೆಕೆಂಡಿನ ವಿಡಿಯೊನೋ ಮಾಡಿ ಓನರ್, ಮೆಕ್ಯಾನಿಕ್ ಇರೋ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿ. ತಾರೀಖು, ಸಮಯ ಅದರಲ್ಲೇ ಇರುತ್ತೆ. ಜಗಳ ಆಡೋದು ಬೇಕಿಲ್ಲ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತೆ, ಗ್ರೂಪ್‌ನಲ್ಲಿ ನೀಲಿ ಟಿಕ್ ಬಿದ್ದ ವಿಡಿಯೊವನ್ನ ‘ನಂಗೆ ಗೊತ್ತೇ ಇರಲಿಲ್ಲ’ ಅನ್ನೋದು ಕಷ್ಟ.

ಕಾನೂನೂ ನಿಮ್ಮ ಕಡೆ ಸ್ವಲ್ಪ ಇದೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಸಾಮಾನ್ಯವಾಗಿ 10 ಅಥವಾ ಹೆಚ್ಚು ಕೆಲಸಗಾರರಿರೋ ಸಂಸ್ಥೆಗಳಿಗೆ ಇದು ಅನ್ವಯ. ಗಂಭೀರ ಗಾಯವೋ ಸಾವೋ ಆಗಬಹುದು ಅನ್ನೋ ಭಯಕ್ಕೆ ಕಾರಣ ಇದ್ದರೆ ಕೆಲಸಗಾರ ಅದನ್ನು ಮಾಲೀಕರ ಗಮನಕ್ಕೂ, ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಗಮನಕ್ಕೂ ತರಬಹುದು ಅಂತ ಇದರಲ್ಲಿದೆ. ಅಪಾಯ ಇರೋದು ನಿಜ ಅನ್ನಿಸಿದರೆ ಮಾಲೀಕರು ತಕ್ಷಣ ಸರಿಪಡಿಸಬೇಕು.

ಓನರ್‌ಗಳಿಗೂ ಒಂದು ಮಾತು. ಹುಡುಗ ಬಂದು ‘ಅಣ್ಣಾ, ಏನೋ ಸದ್ದು ಬರ್ತಿದೆ’ ಅಂದಾಗ ಗದರಿಸಿದರೆ ಮುಂದಿನ ಸಲ ಅವನು ಹೇಳಲ್ಲ, ಸದ್ದು ಮಾತ್ರ ಮುಂದುವರಿಯುತ್ತೆ. ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸೋ ಬೆಮೆಲ್ ಕಾರ್ಖಾನೆ ಇರೋದು ಇದೇ ಜಿಲ್ಲೆಯ ಕೆಜಿಎಫ್‌ನಲ್ಲಿ. ಯಂತ್ರ ಬಲ್ಲ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಅವರ ಮಾತು ಕೇಳೋ ಹತ್ತು ನಿಮಿಷ ಬೇಕು, ಅಷ್ಟೇ.

ಒಂದೇ ಉಸಿರಲ್ಲಿ ಹೇಳೋದಾದ್ರೆ

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

- ಕೀ ಹಾಕೋ ಮೊದಲು ಒಂದು ಸುತ್ತು: ನೆಲ, ಟೈರ್, ನಟ್, ಆಯಿಲ್, ಹೋಸ್.
- ಗಾಡಿ ಎತ್ತೋ ಮೊದಲು: ಬ್ರೇಕ್, ಹಾರ್ನ್, ರಿವರ್ಸ್ ಹಾರ್ನ್, ಕನ್ನಡಿ.
- ಸರ್ವೀಸ್ ಲೆಕ್ಕ ಅವರ್ ಮೀಟರ್‌ನಲ್ಲಿ.
- ಸೋರಿಕೆಗೆ ರಟ್ಟು, ಕೈ ಅಲ್ಲ.
- ಎತ್ತಿದ್ದಕ್ಕೆ ಸ್ಟೇ, ಜಾಕಿಗೆ ಸ್ಟ್ಯಾಂಡ್, ಚಕ್ರಕ್ಕೆ ಕಟ್ಟೆ.
- ರಿಪೇರಿ ಹೊತ್ತಲ್ಲಿ ಕೀ ಜೇಬಿಗೆ, ಬ್ಯಾಟರಿ ಆಫ್, ಬೋರ್ಡ್ ಕಟ್ಟಿ.
- ಟೈರ್ ಬಿಚ್ಚೋ ಮೊದಲು ಗಾಳಿ ಪೂರ್ತಿ ಖಾಲಿ.
- ಬ್ರೇಕ್, ಸ್ಟೇರಿಂಗ್, ಹೈಡ್ರಾಲಿಕ್, ಟೈರ್: ಈ ನಾಲ್ಕರಲ್ಲಿ ಯಾವುದೇ ತೊಂದರೆ ಕಂಡರೂ ಗಾಡಿ ಅಲ್ಲೇ ನಿಲ್ಲಲಿ, ಸಂಜೆವರೆಗೆ ಕಾಯೋದು ಬೇಡ.

ನಿಮ್ಮ ಯಾರ್ಡ್‌ನಲ್ಲಿ ಬೆಳಗಿನ ಚೆಕಿಂಗ್ ಹೇಗೆ ಮಾಡ್ತೀರಿ, ಯಾವುದು ಕಷ್ಟ ಅನ್ನಿಸುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ಈ ಸಂಚಿಕೆಯನ್ನ ಗಾಡಿ ಓಡಿಸೋ ಒಬ್ಬರಿಗಾದರೂ ಫಾರ್ವರ್ಡ್ ಮಾಡಿ.